ಪ್ರತಿಭೆ ಮತ್ತು ಪರೀಕ್ಷೆ: ಕರ್ನಾಟಕದ ಎಳೆಯ ಕ್ರಿಕೆಟ್ ಆಟಗಾರರ ಶಿಕ್ಷಣಾನುಭವ

೧

‘ಪ್ರತಿಭೆ’ ಎಂಬ ಶಬ್ದವು ಅಲಂಕಾರಶಾಸ್ತ್ರದ ಗ್ರಂಥಗಳಿಂದ ಹೊರಟು ಈಗ ಆಟದ ಬಯಲಿನವರೆಗೂ ಬಂದಿರುವುದು. ಪ್ರತಿಭಾನ್ವೇಷಣೆ, ಪ್ರತಿಭಾವಿಕಾಸ ಮೊದಲಾದ ಸಮಾಸಗಳು ಕ್ರೀಡಾಸಂಸ್ಥೆಗಳ ಪ್ರಕಟಣೆಗಳಲ್ಲಿಯೂ ದಿನಪತ್ರಿಕೆಗಳಲ್ಲಿಯೂ ನಿತ್ಯದ ಮಾತುಗಳಾಗಿವೆ. ಶಬ್ದದೊಡನೆ ಬರಬೇಕಾದ ವಿಚಾರವೂ ಬಂದಿರುವುದೇ ಎಂಬುದು ಪರಿಶೀಲನಾರ್ಹವಾದ ವಿಷಯ. ಏಕೆಂದರೆ ಪ್ರತಿಭೆಯು ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಯಾರಿಂದ ಗುರುತಿಸಲ್ಪಡುತ್ತದೆ ಎಂಬ ಮೂರು ಪ್ರಶ್ನೆಗಳನ್ನು ನಮ್ಮ ಪ್ರಾಚೀನ ಲಾಕ್ಷಣಿಕರು ಸೂಕ್ಷ್ಮವಾಗಿ ವಿವೇಚಿಸಿರುವರು. ಇಂದು ಹನ್ನೆರಡು ಹದಿಮೂರು ವರ್ಷದ ಮಕ್ಕಳನ್ನು ಆರಿಸಿ ಆಟಗಾರರನ್ನಾಗಿ ಮಾಡಹೊರಟಿರುವ ಯೋಜನೆಗಳೂ ಅದೇ ಮೂರು ಪ್ರಶ್ನೆಗಳನ್ನು ಎದುರಿಸುತ್ತಿವೆ.

ದಂಡಿಯು ತನ್ನ ಕಾವ್ಯಾದರ್ಶದಲ್ಲಿ ಸಹಜವಾದ ಪ್ರತಿಭೆ, ನಿರ್ಮಲವಾದ ವಿಶೇಷ ವ್ಯಾಸಂಗ, ಬಿಡದ ಅಭ್ಯಾಸ ಎಂಬ ಮೂರನ್ನು ಕಾವ್ಯಸಂಪತ್ತಿಗೆ ಕಾರಣವೆಂದು ಹೇಳಿ, ಅದ್ಭುತವಾದ ಪ್ರತಿಭೆ ಇಲ್ಲದವನಿಗೂ ಓದು ಮತ್ತು ಪ್ರಯತ್ನಗಳ ಮೂಲಕ ವಾಗ್ದೇವಿಯು ಅಷ್ಟಿಷ್ಟು ಅನುಗ್ರಹ ಮಾಡುವಳೆಂದು ಭರವಸೆ ಕೊಟ್ಟಿರುವನು. ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸಗಳನ್ನು ಎಣಿಸಿ, ಇವು ಮೂರು ಬೇರೆಬೇರೆ ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣವೆಂದು ನಿರ್ಣಯಿಸಿದನು. ಆತನು ಹೇಳುವ ಅಭ್ಯಾಸವೂ ತಾನೇ ತಾನಾಗಿ ಮಾಡಿದ ಅಭ್ಯಾಸವಲ್ಲ. ಕಾವ್ಯವನ್ನು ಬಲ್ಲವರ ಶಿಕ್ಷಣದಲ್ಲಿ ಮಾಡಿದ ಅಭ್ಯಾಸ. ಇವರಿಬ್ಬರಿಗಿಂತ ಭಿನ್ನವಾದ ಮಾತನ್ನು ರಾಜಶೇಖರನು ಆಡಿದನು. ಅವನ ಮತದಲ್ಲಿ ಪ್ರತಿಭೆಯು ಎರಡು ವಿಧ: ನಿರ್ಮಿಸುವವನಲ್ಲಿರುವ ಕಾರಯಿತ್ರಿ, ನೋಡಿ ತಿಳಿಯುವವನಲ್ಲಿರುವ ಭಾವಯಿತ್ರಿ. ಎರಡನೆಯದು ಇಲ್ಲದಿದ್ದರೆ ಕವಿಯ ಶ್ರಮವೆಂಬ ಮರವು ಫಲವಿಲ್ಲದ ಬಂಜೆಮರವಾಗುವುದೆಂದು ಅವನ ಅಭಿಪ್ರಾಯ.

ಕರ್ನಾಟಕದ ಎಳೆಯ ಆಟಗಾರರ ಅನುಭವಗಳನ್ನು ಪರಿಶೀಲಿಸುವಾಗ ಈ ಭೇದವು ಬಹಳ ಉಪಯುಕ್ತವಾಗಿ ತೋರುವುದು. ಆಟಗಾರನ ಕೊರತೆ ಎಂದು ನಾವು ಸಾಮಾನ್ಯವಾಗಿ ಭಾವಿಸುವುದು ಎಷ್ಟೋ ಸಂದರ್ಭಗಳಲ್ಲಿ ನೋಡುವವನ ಕೊರತೆಯಾಗಿರುತ್ತದೆ. ಪ್ರತಿಭಾವಿಕಾಸ ಯೋಜನೆಯೆಂಬುದು ವಸ್ತುತಃ ಭಾವಯಿತ್ರೀ ಪ್ರತಿಭೆಯನ್ನು ಒಂದು ಸಂಸ್ಥೆಯ ರೂಪದಲ್ಲಿ ವ್ಯವಸ್ಥೆಗೊಳಿಸುವ ಪ್ರಯತ್ನ. ಆ ದೃಷ್ಟಿಯಿಂದಲೇ ಅದರ ಗುಣದೋಷಗಳನ್ನು ಅಳೆಯಬೇಕು.

೨

ಮೈಸೂರು ರಾಜ್ಯದ ಕ್ರಿಕೆಟ್ ಸಂಸ್ಥೆಯು ೧೯೩೩ರಲ್ಲಿ ಸ್ಥಾಪಿತವಾಯಿತು. ಮರುವರ್ಷ, ೧೯೩೪ರ ನವೆಂಬರ್ ೪ರಂದು, ಮದರಾಸಿನ ಚೇಪಾಕಿನಲ್ಲಿ ರಣಜಿ ಸ್ಪರ್ಧೆಯ ಮೊಟ್ಟಮೊದಲ ಪಂದ್ಯವನ್ನು ಆಡಿದ ಎರಡು ತಂಡಗಳಲ್ಲಿ ಮೈಸೂರೂ ಒಂದು. ಆ ಪಂದ್ಯವು ಒಂದೇ ದಿನದಲ್ಲಿ ಮುಗಿದು, ಮೈಸೂರು ಇನ್ನಿಂಗ್ಸ್ ಅಂತರದಿಂದ ಸೋತಿತು. ಅಲ್ಲಿಂದ ಮೊದಲನೆಯ ಪ್ರಶಸ್ತಿಯವರೆಗೆ ನಾಲ್ವತ್ತು ವರ್ಷಗಳು ಬೇಕಾದುವು. ೧೯೭೩ರಲ್ಲಿ ರಾಜ್ಯಕ್ಕೆ ಹೊಸ ಹೆಸರು ಬಂದೊಡನೆ ಸಂಸ್ಥೆಯೂ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯಾಯಿತು. ೧೯೭೩–೭೪ರ ಋತುವಿನಲ್ಲಿ ಪ್ರಸನ್ನರ ನಾಯಕತ್ವದಲ್ಲಿ ತಂಡವು ಉಪಾಂತ್ಯದಲ್ಲಿ ಮುಂಬಯಿಯ ಹದಿನೈದು ವರ್ಷಗಳ ಅವಿಚ್ಛಿನ್ನ ಆಧಿಪತ್ಯವನ್ನು ಮುರಿದು, ಅಂತಿಮ ಪಂದ್ಯದಲ್ಲಿ ರಾಜಸ್ಥಾನವನ್ನು ಸೋಲಿಸಿತು.

ಈ ನಾಲ್ವತ್ತು ವರ್ಷಗಳಲ್ಲಿ ಇಂದಿನ ಅರ್ಥದ ಪ್ರತಿಭಾವಿಕಾಸ ಯೋಜನೆ ಇರಲಿಲ್ಲ. ಶಾಲೆಯ ತಂಡ, ಕಾಲೇಜಿನ ತಂಡ, ನಗರದ ಕ್ಲಬ್ಬು, ಅಲ್ಲಿ ಹಿರಿಯ ಆಟಗಾರನೊಬ್ಬನ ಕಣ್ಣಿಗೆ ಬೀಳುವುದು, ಇದೇ ಕ್ರಮವಾಗಿದ್ದಿತು. ಗರಡಿಮನೆಯಲ್ಲಿ ಉಸ್ತಾದನು ಹುಡುಗನ ಹೆಗಲನ್ನೂ ಉಸಿರನ್ನೂ ನೋಡಿ ಅವನ ಮುಂದನ್ನು ಹೇಳುತ್ತಿದ್ದಂತೆ, ಇಲ್ಲಿಯೂ ವ್ಯಕ್ತಿಯ ದೃಷ್ಟಿಯೇ ಪ್ರಮಾಣ. ಈ ಕ್ರಮದ ಫಲವು ಅಲ್ಪವಾದುದೇನೂ ಅಲ್ಲ. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು ೧೯೬೭ರಲ್ಲಿ ಆಂಧ್ರದ ವಿರುದ್ಧ ಮೈಸೂರಿನ ಪರವಾಗಿ ಆಡಿದ ತಮ್ಮ ಮೊದಲನೆಯ ಪ್ರಥಮದರ್ಜೆಯ ಪಂದ್ಯದಲ್ಲಿಯೇ ೨೩೦ ಓಟಗಳನ್ನು ಗಳಿಸಿದರು. ಎರಡು ವರ್ಷಗಳ ತರುವಾಯ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟಿನಲ್ಲಿ ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾಗಿ, ಎರಡನೆಯ ಸರದಿಯಲ್ಲಿ ೧೩೭ನ್ನು ಬಾರಿಸಿದರು. ಹೀಗೆ ಬೆಳೆದವರೇ ಮುಂದೆ ಇತರರನ್ನು ಗುರುತಿಸುವವರೂ ಆದರು. ಮೈಸೂರಿನ ಜಾವಗಲ್ ಶ್ರೀನಾಥರ ವೇಗವನ್ನು ಕ್ಲಬ್ ಪಂದ್ಯವೊಂದರಲ್ಲಿ ಕಂಡು ಗುರುತಿಸಿದವರು ವಿಶ್ವನಾಥರೇ. ಶ್ರೀನಾಥರು ೧೯೮೯–೯೦ರಲ್ಲಿ ಹೈದರಾಬಾದಿನ ವಿರುದ್ಧ ತಮ್ಮ ಮೊದಲ ರಣಜಿ ಪಂದ್ಯದಲ್ಲಿ ಸತತ ಮೂರು ಎಸೆತಗಳಲ್ಲಿ ಮೂರು ವಿಕೆಟ್ಟುಗಳನ್ನು ಪಡೆದರು. ಕಾರಯಿತ್ರಿಯು ಕಾಲಕ್ರಮದಲ್ಲಿ ಭಾವಯಿತ್ರಿಯಾಗಿ ಪರಿಣಮಿಸುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆದರೆ ಈ ಕ್ರಮಕ್ಕೆ ಒಂದು ಸಹಜವಾದ ಮಿತಿ ಇದ್ದಿತು. ಕಣ್ಣು ಎಲ್ಲಿ ಇರುವುದೋ ಅಲ್ಲಿಯೇ ನೋಡುವುದು. ರಾಜಶೇಖರನು ಕವಿಗಳ ಪರೀಕ್ಷೆಗಾಗಿ ಮಹಾನಗರಗಳಲ್ಲಿ ಸಭೆಗಳನ್ನು ಕೂಡಿಸಬೇಕೆಂದು ಅರಸರಿಗೆ ಹೇಳಿ, ಉಜ್ಜಯಿನಿಯಲ್ಲಿ ಕಾವ್ಯಕಾರರ, ಪಾಟಲಿಪುತ್ರದಲ್ಲಿ ಶಾಸ್ತ್ರಕಾರರ ಪರೀಕ್ಷೆಗಳು ನಡೆದುವೆಂಬ ಪ್ರಸಿದ್ಧಿಯನ್ನು ಉದಾಹರಿಸಿರುವನು. ಉಜ್ಜಯಿನಿಗೆ ಹೋಗಲಾರದವನ ಗತಿ ಏನೆಂಬುದನ್ನು ಹೇಳಿಲ್ಲ. ಕರ್ನಾಟಕದ ಕ್ರಿಕೆಟ್ಟಿಗೆ ಬಹುಕಾಲ ಬೆಂಗಳೂರೇ ಉಜ್ಜಯಿನಿಯಾಗಿದ್ದಿತು. ಗದಗಿನ ಸುನಿಲ್ ಜೋಶಿಯವರು ಬಾಲ್ಯದಲ್ಲಿ ಪ್ರತಿದಿನ ಬೆಳಗ್ಗೆ ಸುಮಾರು ಅರುವತ್ತು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ವೇಳೆಗೆ ಗದಗಿಗೆ ಹಿಂದಿರುಗುತ್ತಿದ್ದರೆಂಬುದು ಪ್ರಸಿದ್ಧವಾದ ಸಂಗತಿ. ಅವರು ೧೯೯೬ರಲ್ಲಿ ಟೆಸ್ಟ್ ಆಟಗಾರರಾದರು. ಜೋಶಿಯವರ ದೃಢಸಂಕಲ್ಪವು ಶ್ಲಾಘ್ಯವೇ ಸರಿ. ಆದರೆ ಹಾಗೆ ದಿನಂಪ್ರತಿ ಹೋಗಿಬರಲಾರದೆ ನಿಂತುಹೋದವರ ಹೆಸರುಗಳು ಯಾವ ದಾಖಲೆಯಲ್ಲಿಯೂ ಇಲ್ಲ. ಗೆದ್ದವರ ಚರಿತ್ರೆಯಿಂದ ಮಾತ್ರ ಒಂದು ವ್ಯವಸ್ಥೆಯ ಬೆಲೆಯನ್ನು ಕಟ್ಟುವುದರಲ್ಲಿ ಈ ದೋಷವಿದೆ.

೩

ವ್ಯಕ್ತಿಯ ದೃಷ್ಟಿಯ ಸ್ಥಾನದಲ್ಲಿ ಸಂಸ್ಥೆಯ ದೃಷ್ಟಿಯು ಬಂದುದು ಕ್ರಮಕ್ರಮವಾಗಿ. ಮೊದಲ ಹೆಜ್ಜೆ ಬೇಸಗೆಯ ತರಬೇತಿ ಶಿಬಿರಗಳು. ೧೯೮೪ರಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಅಂಥ ಶಿಬಿರದಲ್ಲಿ ಶಿಕ್ಷಕರಾದ ಕೆಕಿ ತಾರಾಪೋರರು ಹನ್ನೊಂದು ವರ್ಷದ ರಾಹುಲ್ ದ್ರಾವಿಡರನ್ನು ಗುರುತಿಸಿದರು. ಅಲ್ಲಿಂದ ವಯೋವರ್ಗಗಳ ತಂಡಗಳನ್ನು ಒಂದೊಂದಾಗಿ ದಾಟಿ, ೧೯೯೧ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ವಿರುದ್ಧ ಮೊದಲ ರಣಜಿ ಪಂದ್ಯವನ್ನು ಆಡಿ ೮೨ ಓಟಗಳನ್ನು ಗಳಿಸಿದರು. ೧೯೯೬ರ ಜೂನ್ ತಿಂಗಳಲ್ಲಿ ಲಾರ್ಡ್ಸ್ ಮೈದಾನದಲ್ಲಿ ಮೊದಲ ಟೆಸ್ಟನ್ನು ಆಡಿ ೯೫ನ್ನು ಗಳಿಸಿದರು. ಶಿಬಿರದಿಂದ ಲಾರ್ಡ್ಸಿಗೆ ಹನ್ನೆರಡು ವರ್ಷಗಳು. ಪ್ರತಿಭೆಯನ್ನು ಗುರುತಿಸುವುದು ಒಂದು ಕ್ಷಣದ ಕೆಲಸವೆಂದೂ, ಅದನ್ನು ಕಾಯುವುದು ಒಂದು ವ್ಯಾಸಂಗದಷ್ಟು ದೀರ್ಘವಾದ ಕೆಲಸವೆಂದೂ ಈ ಲೆಕ್ಕದಿಂದ ತಿಳಿಯುತ್ತದೆ.

೨೦೦೦ರಲ್ಲಿ ಭಾರತೀಯ ಕ್ರಿಕೆಟ್ ಮಂಡಲಿಯು ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯನ್ನು ಸ್ಥಾಪಿಸಿತು. ೨೦೦೨ರಲ್ಲಿ ದಿಲೀಪ್ ವೆಂಗಸರ್ಕಾರರ ಅಧ್ಯಕ್ಷತೆಯಲ್ಲಿ ಪ್ರತಿಭಾನ್ವೇಷಣೆಯ ವಿಭಾಗವೊಂದು ಏರ್ಪಟ್ಟಿತು. ಹಳೆಯ ಆಟಗಾರರನ್ನು ಅಧಿಕಾರಿಗಳನ್ನಾಗಿ ನೇಮಿಸಿ, ಸಣ್ಣ ಊರುಗಳ ಮತ್ತು ಕಿರಿಯರ ಪಂದ್ಯಗಳಿಗೆ ಅವರನ್ನು ಕಳುಹಿಸಿ, ಕಂಡುದನ್ನು ಬರೆದು ತಿಳಿಸುವಂತೆ ಮಾಡುವುದೇ ಅದರ ಕ್ರಮ. ೨೦೦೩ರಲ್ಲಿ ಜಮ್‌ಷೆಡ್‌ಪುರದ ಪಂದ್ಯವೊಂದನ್ನು ನೋಡಿದ ಪ್ರಕಾಶ್ ಪೋದ್ದಾರರು ಬರೆದ ವರದಿಯಿಂದ ಜಾರ್ಖಂಡಿನ ಮಹೇಂದ್ರಸಿಂಗ್ ಧೋನಿಯವರ ಹೆಸರು ಅಕಾಡೆಮಿಗೆ ತಲುಪಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಆಟಗಾರನು ಪರೀಕ್ಷಕನ ಬಳಿಗೆ ಬರಲಿಲ್ಲ. ಪರೀಕ್ಷಕನೇ ಆಟಗಾರನಿದ್ದಲ್ಲಿಗೆ ಹೋದನು. ಉಜ್ಜಯಿನಿಯು ಊರಿಂದೂರಿಗೆ ಸಂಚರಿಸಿದ ಹಾಗಾಯಿತು. ಈ ವಿಭಾಗವು ಕೆಲವೇ ವರ್ಷಗಳಲ್ಲಿ ನಿಂತುಹೋದುದು ಭಾರತೀಯ ಕ್ರೀಡೆಯ ದೃಷ್ಟಿಯಿಂದ ನಷ್ಟವೆನ್ನಬೇಕು.

ಇಂದಿನ ವ್ಯವಸ್ಥೆಯು ಒಂದು ನಿಚ್ಚಣಿಗೆಯಂತೆ ಇದೆ. ರಾಜ್ಯದ ಸಂಸ್ಥೆಯು ಕರ್ನಾಟಕವನ್ನು ತುಮಕೂರು, ಧಾರವಾಡ, ರಾಯಚೂರು ಮೊದಲಾದ ವಲಯಗಳನ್ನಾಗಿ ವಿಭಾಗಿಸಿರುವುದು. ವಲಯದ ಆಯ್ಕೆಯನ್ನು ದಾಟಿದವರು ರಾಜ್ಯದ ಆಯ್ಕೆಗೆ ಬರುವರು. ಹದಿನಾರರ ಒಳಗಿನ ಬಾಲಕರಿಗೆ ವಿಜಯ್ ಮರ್ಚೆಂಟ್ ಸ್ಪರ್ಧೆ, ಹತ್ತೊಂಬತ್ತರ ಒಳಗಿನವರಿಗೆ ಕೂಚ್ ಬಿಹಾರ್ ಸ್ಪರ್ಧೆ, ಇಪ್ಪತ್ತಮೂರರ ಒಳಗಿನವರಿಗೆ ಸಿ. ಕೆ. ನಾಯುಡು ಸ್ಪರ್ಧೆ, ಅನಂತರ ರಣಜಿ. ೨೦೧೧ರ ಜನಗಣತಿಯಂತೆ ಆರು ಕೋಟಿಗೂ ಮಿಕ್ಕ ಜನರಿದ್ದ ಈ ರಾಜ್ಯಕ್ಕೆ ರಣಜಿಯಲ್ಲಿ ತಂಡವೊಂದೇ. ಗುಜರಾತ್ ಮತ್ತು ಮಹಾರಾಷ್ಟ್ರ ರಾಜ್ಯಗಳಿಂದ ಮೂರುಮೂರು ತಂಡಗಳು ಆಡುವುವು. ಆದ್ದರಿಂದ ನಿಚ್ಚಣಿಗೆಯ ಮೇಲಿನ ಮೆಟ್ಟಿಲು ಇಲ್ಲಿ ಬಹು ಇಕ್ಕಟ್ಟಾದುದು.

೪

ಈ ನಿಚ್ಚಣಿಗೆಯನ್ನು ಹತ್ತುವ ಬಾಲಕನ ಅನುಭವವನ್ನು ತಿಳಿಯಲು ರಾಜ್ಯದ ಅಂಚಿನ ಊರೊಂದನ್ನು ಅಳತೆಗೋಲಾಗಿ ಇಟ್ಟುಕೊಳ್ಳುವುದು ಅನುಕೂಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿಯು ಅಂಥ ಊರು. ಬಹುಭಾಗ ಆಂಧ್ರಪ್ರದೇಶದಿಂದ ಸುತ್ತುವರಿಯಲ್ಪಟ್ಟ ಈ ತಾಲ್ಲೂಕಿನಲ್ಲಿ ತೆಲುಗು ಕನ್ನಡಗಳೆರಡೂ ಮನೆಮಾತುಗಳು, ಮಳೆ ಕಡಮೆ. ಬೆಂಗಳೂರು ಇಲ್ಲಿಂದ ಸುಮಾರು ನೂರ ಎಂಬತ್ತು ಕಿಲೋಮೀಟರ್. ಗದಗಿನಿಂದ ಹುಬ್ಬಳ್ಳಿಗೆ ಇರುವ ದೂರದ ಮೂರರಷ್ಟು.

ಮೊದಲನೆಯ ಅನುಭವವು ಚೆಂಡಿನದು. ಕರ್ನಾಟಕದ ಹಳ್ಳಿಗಳಲ್ಲಿ ಹುಡುಗರು ಆಡುವುದು ಟೆನಿಸ್ ಚೆಂಡಿನ ಕ್ರಿಕೆಟ್ಟನ್ನು. ಆ ಚೆಂಡಿನ ತೂಕ ಸುಮಾರು ೫೮ ಗ್ರಾಂ. ಪರೀಕ್ಷೆಯಲ್ಲಿ ಬಳಸುವ ಚರ್ಮದ ಚೆಂಡಿನ ತೂಕ ೧೫೬ರಿಂದ ೧೬೩ ಗ್ರಾಂ. ಹಗುರವಾದ ಚೆಂಡು ಎತ್ತರಕ್ಕೆ ಪುಟಿಯುವುದು. ಅದನ್ನು ಅಡ್ಡಬ್ಯಾಟಿನಿಂದ ಮೇಲೆತ್ತಿ ಹೊಡೆಯುವುದೇ ಜಾಣತನ. ತೂಕದ ಚೆಂಡು ಹೊಲಿಗೆಯ ಮೇಲೆ ಬಿದ್ದು ತಿರುಗುವುದು, ಗಾಳಿಯಲ್ಲಿ ಬಾಗುವುದು. ಅದನ್ನು ನೆಟ್ಟಗಿನ ಬ್ಯಾಟಿನಿಂದ, ಮುಂದಿಟ್ಟ ಕಾಲಿನಿಂದ, ಮೃದುವಾದ ಕೈಯಿಂದ ಎದುರಿಸಬೇಕು. ಒಂದರಲ್ಲಿ ಗುಣವಾದುದು ಇನ್ನೊಂದರಲ್ಲಿ ದೋಷವಾಗುವುದು. ಕನ್ನಡ ನಾಡಿನ ಜನರು ವಿಶೇಷವಾಗಿ ಓದದೆಯೇ ಕಾವ್ಯಪ್ರಯೋಗದಲ್ಲಿ ಪಳಗಿದವರೆಂದು ಕವಿರಾಜಮಾರ್ಗವು ಅಭಿಮಾನದಿಂದ ಹೇಳಿರುವುದು. ಬಯಲಿನ ಆಟಗಾರನೂ ಅಂಥವನೇ. ಅವನ ಕಣ್ಣು ಕೈಗಳ ಹೊಂದಿಕೆ ನಿಜವಾದುದು. ಆದರೆ ಅವನು ಕಲಿತ ಛಂದಸ್ಸು ಬೇರೆ. ಹತ್ತು ನಿಮಿಷ ನೋಡಿ ತೀರ್ಮಾನಿಸುವ ಪರೀಕ್ಷಕನಿಗೆ ಛಂದಸ್ಸಿನ ತಪ್ಪು ಮಾತ್ರ ಕಾಣುವುದು, ಪ್ರತಿಭೆ ಕಾಣುವುದಿಲ್ಲ.

ಎರಡನೆಯದು ವಯಸ್ಸಿನ ಅನುಭವ. ವಯೋವರ್ಗಗಳ ಲೆಕ್ಕವು ಸೆಪ್ಟೆಂಬರ್ ೧ರಿಂದ ಆರಂಭವಾಗುವುದು. ಸೆಪ್ಟೆಂಬರಿನಲ್ಲಿ ಹುಟ್ಟಿದವನೂ ಮುಂದಿನ ಆಗಸ್ಟಿನಲ್ಲಿ ಹುಟ್ಟಿದವನೂ ಒಂದೇ ವರ್ಗಕ್ಕೆ ಸೇರುವರು. ಹದಿಮೂರನೆಯ ವಯಸ್ಸಿನಲ್ಲಿ ಹನ್ನೊಂದು ತಿಂಗಳುಗಳ ಅಂತರವು ಎತ್ತರದಲ್ಲಿಯೂ ಬಲದಲ್ಲಿಯೂ ಎದ್ದು ಕಾಣುವಷ್ಟಿರುತ್ತದೆ. ಕೆನಡದ ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ಪರಿಶೀಲಿಸಿದ ಬಾರ್ನ್‌ಸ್ಲಿ ಮೊದಲಾದವರು, ಆರಿಸಲ್ಪಟ್ಟವರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಅಧಿಕವೆಂದು ೧೯೮೫ರಲ್ಲಿ ತೋರಿಸಿಕೊಟ್ಟರು. ಬಲವನ್ನು ಪ್ರತಿಭೆಯೆಂದು ಭ್ರಮಿಸುವ ಈ ದೋಷದ ಪಕ್ಕದಲ್ಲಿಯೇ ಸುಳ್ಳು ಜನ್ಮದಿನದ ದೋಷವೂ ಹುಟ್ಟಿಕೊಂಡಿತು. ಅದನ್ನು ತಡೆಯಲು ಭಾರತೀಯ ಮಂಡಲಿಯು ೨೦೧೨ರಿಂದ ಈಚೆಗೆ ಎಡಮಣಿಕಟ್ಟಿನ ಎಕ್ಸ್-ರೇ ಚಿತ್ರದಿಂದ ಮೂಳೆಯ ಬೆಳವಣಿಗೆಯನ್ನು ಅಳೆಯುವ ಟ್ಯಾನರ್–ವೈಟ್‌ಹೌಸ್ ಕ್ರಮವನ್ನು ಅನುಸರಿಸುತ್ತ ಬಂದಿತು. ಕ್ರಮವು ಅವಶ್ಯಕವಾದುದೇ, ಆದರೆ ಮೂಳೆಯ ವಯಸ್ಸು ಒಂದು ಅಂದಾಜು ಮಾತ್ರ. ಬೇಗ ಬೆಳೆದ ದೇಹದ ಸತ್ಯವಂತನಾದ ಬಾಲಕನೂ ಅದರಿಂದ ಹೊರಗುಳಿಯುವ ಸಂಭವವುಂಟು. ೨೦೧೫ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಪಟೌಡಿ ಸ್ಮಾರಕೋಪನ್ಯಾಸವನ್ನು ಮಾಡಿದ ದ್ರಾವಿಡರು, ವಯಸ್ಸಿನ ಸುಳ್ಳಿನಿಂದ ಪ್ರಾಮಾಣಿಕನಾದ ಇನ್ನೊಬ್ಬ ಬಾಲಕನ ಸ್ಥಾನವು ಹೋಗುವುದಲ್ಲದೆ, ತಂದೆತಾಯಿಗಳೂ ಶಿಕ್ಷಕರೂ ಕೂಡಿ ಮಾಡುವ ವಂಚನೆಯನ್ನು ಮಗುವು ನೋಡಿ ಕಲಿಯುವುದೆಂದು ಎಚ್ಚರಿಸಿದರು. ಶಿಕ್ಷಣದ ದೃಷ್ಟಿಯಿಂದ ಎರಡನೆಯ ಮಾತೇ ಗುರುತರವಾದುದು.

ಮೂರನೆಯದು ಓದಿನ ಅನುಭವ. ಕರ್ನಾಟಕದ ಕ್ರಿಕೆಟ್ಟಿಗೆ ಈ ವಿಷಯದಲ್ಲಿ ಒಂದು ವಿಶಿಷ್ಟ ಪರಂಪರೆ ಇದೆ. ಪ್ರಸನ್ನರು ೧೯೬೨ರಲ್ಲಿ ಟೆಸ್ಟ್ ಆಟಗಾರರಾಗಿ, ಅದೇ ವರ್ಷ ವೆಸ್ಟ್ ಇಂಡೀಸಿನ ಪ್ರವಾಸವನ್ನೂ ಮುಗಿಸಿ, ಅನಂತರ ಎಂಜಿನಿಯರಿಂಗ್ ವ್ಯಾಸಂಗಕ್ಕಾಗಿ ಟೆಸ್ಟ್ ಆಟದಿಂದ ದೂರವಾಗಿದ್ದು ೧೯೬೭ರಲ್ಲಿ ಹಿಂದಿರುಗಿದರು. ಅವರ ಕೀರ್ತಿಯೆಲ್ಲ ಬಂದುದು ಆಮೇಲೆಯೇ. ಶ್ರೀನಾಥ್, ಅನಿಲ್ ಕುಂಬ್ಳೆಯವರೂ ಎಂಜಿನಿಯರಿಂಗ್ ಓದಿದವರು. ಇವರ ಪಾಲಿಗೆ ಓದು ಆಟದ ವೈರಿಯಾಗಿರಲಿಲ್ಲ. ಆಟ ಕೈಬಿಟ್ಟರೆ ನಿಲ್ಲಲು ಇರುವ ನೆಲವಾಗಿದ್ದಿತು. ಇಂದಿನ ಯೋಜನೆಗಳಲ್ಲಿ ಅಭ್ಯಾಸದ ಗಂಟೆಗಳು ಹೆಚ್ಚಿದಷ್ಟೂ ತರಗತಿಯ ಗಂಟೆಗಳು ಕುಗ್ಗುವುವು. ಬ್ಲೂಮ್ ಎಂಬ ಅಮೆರಿಕದ ಶಿಕ್ಷಣತಜ್ಞನು ಪಿಯಾನೋ ವಾದಕರು, ಶಿಲ್ಪಿಗಳು, ಈಜುಗಾರರು, ಟೆನಿಸ್ ಆಟಗಾರರು, ಗಣಿತಜ್ಞರು, ನರವಿಜ್ಞಾನಿಗಳು ಎಂಬ ಆರು ವರ್ಗಗಳ ೧೨೦ ಮಂದಿಯ ಬೆಳವಣಿಗೆಯನ್ನು ಶೋಧಿಸಿ ೧೯೮೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೊದಲ ಹಂತವು ಆಟವಾಗಿಯೂ ಸಂತೋಷವಾಗಿಯೂ ಇದ್ದಿತೆಂದು ಕಂಡುಕೊಂಡನು. ಕೆನಡದ ಕೋತೇ ಎಂಬ ಸಂಶೋಧಕನು ೧೯೯೯ರಲ್ಲಿ, ಹದಿಮೂರರವರೆಗೆ ಹಲವು ಆಟಗಳ ರುಚಿನೋಡುವುದು, ಹದಿನೈದರವರೆಗೆ ಕೆಲವನ್ನು ಆರಿಸಿಕೊಳ್ಳುವುದು, ಅನಂತರ ಒಂದರಲ್ಲಿ ತೊಡಗುವುದು ಎಂಬ ಕ್ರಮವನ್ನು ನಿರೂಪಿಸಿದನು. ಹತ್ತನೆಯ ವಯಸ್ಸಿಗೇ ಮಗುವನ್ನು ಒಂದೇ ಆಟಕ್ಕೆ ಕಟ್ಟಿಹಾಕುವ ಆತುರಕ್ಕೆ ಈ ಶೋಧಗಳಲ್ಲಿ ಆಧಾರವಿಲ್ಲ.

ಮನೆಯ ಸ್ಥಿತಿಯು ಇದರಲ್ಲಿ ಎಷ್ಟು ಮುಖ್ಯವೆಂಬುದಕ್ಕೆ ಕೆ. ಎಲ್. ರಾಹುಲರ ಚರಿತ್ರೆಯು ಸಾಕ್ಷಿ. ತಂದೆತಾಯಿಗಳಿಬ್ಬರೂ ಪ್ರಾಧ್ಯಾಪಕರಾಗಿದ್ದ ಮನೆ ಸುರತ್ಕಲಿನಲ್ಲಿ. ಹತ್ತನೆಯ ವಯಸ್ಸಿನಿಂದ ಅಭ್ಯಾಸ ಮಂಗಳೂರಿನಲ್ಲಿ. ಹದಿನೆಂಟನೆಯ ವಯಸ್ಸಿನಲ್ಲಿ ಕಾಲೇಜಿಗೆಂದು ಬೆಂಗಳೂರಿಗೆ. ೨೦೧೪–೧೫ರಲ್ಲಿ ಉತ್ತರಪ್ರದೇಶದ ವಿರುದ್ಧ ೩೩೭ ಓಟಗಳನ್ನು ಗಳಿಸಿ, ಕರ್ನಾಟಕದ ಪರವಾಗಿ ಮೊಟ್ಟಮೊದಲ ತ್ರಿಶತಕವನ್ನು ಬಾರಿಸಿದರು. ಊರು ದೂರವಿದ್ದರೂ ಮನೆಯು ಆಧಾರವಾಗಿದ್ದರೆ ದಾರಿ ಸಾಗುವುದು. ಬ್ಯಾಟು, ಪ್ಯಾಡು, ಬೂಟುಗಳ ವೆಚ್ಚವನ್ನೂ ಬಸ್ಸಿನ ವೆಚ್ಚವನ್ನೂ ಒಂದು ದಿನದ ಕೂಲಿಯ ನಷ್ಟದೊಡನೆ ಕೂಡಿಸಿ ನೋಡಬೇಕಾದ ಮನೆಗಳಲ್ಲಿ ಸಂಕಲ್ಪವೊಂದೇ ಸಾಲದು.

ಬಾಲಕಿಯರಿಗೆ ಈ ಕಷ್ಟಗಳೆಲ್ಲ ಇಮ್ಮಡಿ. ಭಾರತದ ಮಹಿಳೆಯರ ತಂಡವು ಮೊದಲ ಟೆಸ್ಟನ್ನು ಆಡಿದುದು ೧೯೭೬ರಲ್ಲಿ, ಬೆಂಗಳೂರಿನಲ್ಲಿ, ಕರ್ನಾಟಕದ ಶಾಂತಾ ರಂಗಸ್ವಾಮಿಯವರ ನಾಯಕತ್ವದಲ್ಲಿ. ಆದರೂ ಮಹಿಳೆಯರ ಕ್ರಿಕೆಟ್ಟು ಭಾರತೀಯ ಮಂಡಲಿಯ ಆಶ್ರಯಕ್ಕೆ ಬಂದುದು ೨೦೦೬ರಲ್ಲಿ ಮಾತ್ರ. ಕಡೂರಿನ ವೇದಾ ಕೃಷ್ಣಮೂರ್ತಿಯವರು ಹದಿಮೂರನೆಯ ವಯಸ್ಸಿನಲ್ಲಿ ತರಬೇತಿಗಾಗಿ ಬೆಂಗಳೂರಿಗೆ ಬಂದು, ೨೦೧೧ರಲ್ಲಿ ಇಂಗ್ಲೆಂಡಿನ ವಿರುದ್ಧ ಮೊದಲ ಅಂತರರಾಷ್ಟ್ರೀಯ ಏಕದಿನ ಪಂದ್ಯದಲ್ಲಿಯೇ ಅರ್ಧಶತಕವನ್ನು ಗಳಿಸಿದರು. ವಿಜಯಪುರದ ರಾಜೇಶ್ವರಿ ಗಾಯಕವಾಡರು ೨೦೧೭ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ವಿರುದ್ಧ ೧೫ ಓಟಗಳಿಗೆ ಐದು ವಿಕೆಟ್ಟುಗಳನ್ನು ಪಡೆದರು. ೨೦೨೫ರಲ್ಲಿ ಹತ್ತೊಂಬತ್ತರ ಒಳಗಿನ ಬಾಲಕಿಯರ ವಿಶ್ವಕಪ್ಪನ್ನು ಗೆದ್ದ ಭಾರತ ತಂಡಕ್ಕೆ ಕರ್ನಾಟಕದ ನಿಕಿ ಪ್ರಸಾದರು ನಾಯಕಿ. ನೋಡುವ ಕಣ್ಣು ತೆರೆದಾಗ ಫಲವು ಎಷ್ಟು ಶೀಘ್ರವಾಗಿ ಬರುವುದೆಂಬುದಕ್ಕೆ ಇವು ನಿದರ್ಶನಗಳು.

೫

ಇನ್ನು ಉಳಿದಿರುವುದು ಹಿಂದಕ್ಕೆ ಕಳುಹಿಸಲ್ಪಟ್ಟವರ ವಿಚಾರ. ಯಾವ ಯೋಜನೆಯಲ್ಲಿಯೂ ಬಹುಸಂಖ್ಯಾತರು ಇವರೇ. ತಂಡಕ್ಕೆ ಹದಿನೈದು ಮಂದಿ ಬೇಕಾದಲ್ಲಿ ನೂರಾರು ಮಂದಿ ಬರುವರು. ಪಟ್ಟಿಯು ಪ್ರಕಟವಾದಾಗ ಅದರಲ್ಲಿ ಹೆಸರಿಲ್ಲದಿರುವುದೇ ಹೆಚ್ಚಿನವರಿಗೆ ದೊರೆಯುವ ಉತ್ತರ. ಏಕೆ ಎಂಬುದನ್ನು ಹೇಳುವವರು ವಿರಳ. ಪರೀಕ್ಷೆಯಲ್ಲಿ ತೇರ್ಗಡೆಯಾಗದ ವಿದ್ಯಾರ್ಥಿಗೆ ಅಂಕಪಟ್ಟಿಯಾದರೂ ಸಿಕ್ಕುವುದು; ಯಾವ ವಿಷಯದಲ್ಲಿ ಎಷ್ಟು ಕಡಮೆಯೆಂದು ತಿಳಿಯುವುದು. ಎಳೆಯ ಆಟಗಾರನಿಗೆ ಅದೂ ಇಲ್ಲ. ಹಿಂದಿನ ಕಾಲದಲ್ಲಿ ಬ್ಯಾಂಕುಗಳೂ ಸರ್ಕಾರದ ಇಲಾಖೆಗಳೂ ಆಟಗಾರರಿಗೆ ಉದ್ಯೋಗ ಕೊಟ್ಟು ನಡುಹಾದಿಯಲ್ಲಿ ನಿಂತವರಿಗೂ ನೆರಳಾಗಿದ್ದುವು. ವಿಶ್ವನಾಥರಂಥವರೂ ಸ್ಟೇಟ್ ಬ್ಯಾಂಕಿನ ಉದ್ಯೋಗಿಗಳಾಗಿದ್ದರು. ಆ ನೆರಳು ಕುಗ್ಗಿರುವಾಗ, ಶಾಲೆಯನ್ನು ಅರ್ಧಕ್ಕೆ ಬಿಟ್ಟ ಹದಿನೇಳರ ಹುಡುಗನನ್ನು ಕಾರಣವನ್ನೂ ಹೇಳದೆ ಹಿಂದಕ್ಕೆ ಕಳುಹಿಸುವ ಯೋಜನೆಯು ತನ್ನ ಅರ್ಧ ಕರ್ತವ್ಯವನ್ನು ಮಾತ್ರ ಮಾಡಿದಂತಾಗುವುದು.

ರಾಜಶೇಖರನು ಭಾವಕರಲ್ಲಿ ನಾಲ್ಕು ಬಗೆಯನ್ನು ಹೇಳಿರುವನು: ಏನೂ ರುಚಿಸದವನು, ಹುಲ್ಲುಸಹಿತ ಎಲ್ಲವನ್ನೂ ನುಂಗುವವನು, ಮತ್ಸರಿಯಾದವನು, ತತ್ತ್ವದಲ್ಲಿ ಮನಸ್ಸಿಟ್ಟವನು. ಕೊನೆಯವನು ಸಾವಿರಕ್ಕೊಬ್ಬನೆಂದೂ ಸೂಚಿಸಿರುವನು. ಆಯ್ಕೆದಾರರಲ್ಲಿಯೂ ಈ ನಾಲ್ಕು ಬಗೆಯುಂಟು. ಆದಕಾರಣ ತತ್ತ್ವಾಭಿನಿವೇಶಿಯು ತಾನಾಗಿ ದೊರೆಯುವನೆಂದು ನಂಬಿ ಕುಳಿತಿರಲಾಗದು. ಸಾಮಾನ್ಯನೂ ತಪ್ಪದಂತೆ ಕ್ರಮವನ್ನು ಏರ್ಪಡಿಸಬೇಕು. ಪರೀಕ್ಷಕನು ತಾಲ್ಲೂಕಿನ ಬಯಲುಗಳಿಗೆ ತಾನೇ ಹೋಗಬೇಕು. ಒಂದೇ ಸಲ ನೋಡಿ ನಿರ್ಣಯಿಸದೆ, ಚರ್ಮದ ಚೆಂಡನ್ನು ಕೆಲವು ತಿಂಗಳು ಆಡಿಸಿ ಮತ್ತೆ ನೋಡಬೇಕು. ತಡವಾಗಿ ಬೆಳೆಯುವ ದೇಹಗಳಿಗೆ ಎರಡನೆಯ ಬಾಗಿಲನ್ನು ತೆರೆದಿಡಬೇಕು. ಶಾಲೆಯ ಓದು ಮುರಿಯದಂತೆ ಕಾಲವನ್ನು ಹೊಂದಿಸಬೇಕು. ಆರಿಸದವರಿಗೆ ಕಾರಣವನ್ನು ಬರೆದು ಕ��ಡಬೇಕು.

ತಿರುಮಣಿಯ ಚರಿತ್ರೆಯಲ್ಲಿಯೇ ಇದಕ್ಕೊಂದು ದೃಷ್ಟಾಂತವಿದೆ. ಆ ಪ್ರದೇಶದ ಬಿಸಿಲನ್ನು ತಲೆತಲಾಂತರದಿಂದ ಎಲ್ಲರೂ ಬಲ್ಲರು. ಅದು ಬರಗಾಲದ ಕಾರಣವೆಂದೇ ಎಣಿಸಲ್ಪಟ್ಟಿದ್ದಿತು. ಅದನ್ನು ಅಳೆದು ನೋಡಿದ ಮೇಲೆ, ತಿರುಮಣಿಯೂ ನೆರೆಯ ನಾಲ್ಕು ಗ್ರಾಮಗಳೂ ಸೇರಿದ ಸುಮಾರು ೧೩,೦೦೦ ಎಕರೆಯಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ಭೂಮಿಯ ಮೇಲೆ, ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಉದ್ಯಾನವು ಎದ್ದು ೨೦೧೯ರ ಅಂತ್ಯಕ್ಕೆ ಪೂರ್ಣಗೊಂಡಿತು. ಬಿಸಿಲು ಹೊಸತಾಗಿ ಬಂದುದಲ್ಲ. ಅಳೆಯುವ ಕಣ್ಣು ಹೊಸತಾಗಿ ಬಂದುದು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಬಯಲುಗಳಲ್ಲಿ ಸಂಜೆಯ ವೇಳೆ ಆಡುವ ಹುಡುಗ ಹುಡುಗಿಯರ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬಹುದು. ಒಂದು ಪ್ರತಿಭಾವಿಕಾಸ ಯೋಜನೆಯ ಬೆಲೆಯನ್ನು ಅದು ಲಾರ್ಡ್ಸಿಗೆ ಕಳುಹಿಸಿದ ಒಬ್ಬಿಬ್ಬರಿಂದಲೇ ಕಟ್ಟಲಾಗದು. ಅದು ಎಷ್ಟು ದೂರದವರೆಗೆ ನೋಡಿತು, ಎಷ್ಟು ಸಲ ನೋಡಿತು, ಹಿಂದಿರುಗಿದವರನ್ನು ಯಾವ ಸ್ಥಿತಿಯಲ್ಲಿ ಅವರ ಮನೆಗೆ ಒಪ್ಪಿಸಿತು ಎಂಬ ಮೂರರಿಂದಲೂ ಕಟ್ಟಬೇಕು.